ಬಾಗಿಲ ಗಂಟೆ

ಸೋದರಿಯರೇ, ಕಲಬುರಗಿಯ ಸೇಡಂ ರಸ್ತೆಯ ಮನೆಯಲ್ಲಿ ನಾಯಿಮರಿಯು ಶಹಾಬಾದ ಫರಸಿಯನ್ನು ಒದ್ದೆಮಾಡಿತೆಂದು ಕೋಲೆತ್ತಬೇಡಿರಿ. 2 ತಿಂಗಳ ಮರಿಯು ಹಗಲಿನಲ್ಲಿ ಸುಮಾರು 2 ತಾಸಿಗಿಂತ ಹೆಚ್ಚು ತಡೆಯಲಾರದು. ಹೊಡೆತ ತಿಂದದ್ದು ಶುಚಿತ್ವವನ್ನು ಕಲಿಯದು, ಮೂಲೆಯಲ್ಲಿ ಅಡಗುವುದನ್ನು ಕಲಿಯುವುದು.

ಕರುವಿನ ಕೊರಳಿಗೆ ಕಟ್ಟುವಂಥ ಗಂಟೆಯನ್ನು ಮರಿಯ ಮೂಗಿನೆತ್ತರಕ್ಕೆ ಬಾಗಿಲಲ್ಲಿ ತೂಗಹಾಕಿರಿ. ನಿದ್ದೆ ತಿಳಿದೊಡನೆ, ಉಂಡೊಡನೆ, ಆಡಿ ಮುಗಿದೊಡನೆ ಅದರ ಕಾಲಿನಿಂದ ಗಂಟೆಯನ್ನು ಮುಟ್ಟಿಸಿ, ಅಂಗಳದ ಒಂದೇ ಸ್ಥಳಕ್ಕೆ ಕರೆದೊಯ್ಯಿರಿ. ಕಾರ್ಯ ತೀರಿದ ಕ್ಷಣವೇ ಜೋಳದ ರೊಟ್ಟಿಯ ಚೂರನ್ನು ಕೊಡಿರಿ. ಬೇಸಿಗೆಯ ನಡುಹಗಲಲ್ಲಿ ಡಾಂಬರು ಅಂಗಾಲನ್ನು ಸುಡುವುದು. ಬೇವಿನ ನೆರಳಿನ ಮಣ್ಣೇ ಲೇಸು.

ಕೆಲವು ವಾರಗಳಲ್ಲಿ ಮರಿಯು ತಾನಾಗಿ ಗಂಟೆ ಬಾರಿಸೀತು. ಆಗ ಹಂಚಿನ ಮೇಲೆ ರೊಟ್ಟಿಯಿದ್ದರೂ ಎದ್ದು ಬಾಗಿಲು ತೆರೆಯಿರಿ. ಮೂಕಪ್ರಾಣಿಯ ಕರೆಗೆ ಓಗೊಡದಿದ್ದರೆ ಅದು ಮತ್ತೆ ಕರೆಯದು.