ಮಾಹಿಮಿನ ಸಿಹಿನೀರು

2006ರ ಆಗಸ್ಟ್ 18ರ ರಾತ್ರಿ, ಮುಂಬಯಿಯ ಮಾಹಿಮ್ ಕಡಲತೀರದಲ್ಲಿ ನೀರು ಸಿಹಿಯಾಗಿದೆ ಎಂಬ ಸುದ್ದಿ ಹಬ್ಬಿತು. ಜನ ಬಾಟಲಿ ಹಿಡಿದು ಓಡಿದರು. ಮಾಹಿಮಿನ ದರ್ಗಾದ ಮಖ್ದೂಮ್ ಬಾಬಾರ ಪವಾಡವೆಂದರು. ಕುಡಿಯಬೇಡಿ ಎಂದು ಅಧಿಕಾರಿಗಳು ಸಾರಿದರೂ ಕೇಳುವವರು ಯಾರು! ಹೊತ್ತು ಕಳೆಯುವುದರೊಳಗೆ ಗುಜರಾತಿನ ತೀಥಲ್ ಕಡಲೂ ಸಿಹಿಯಾಯಿತಂತೆ. ವಿಮರ್ಶಾತ್ಮಕ ಚಿಂತನೆಯ ಪರಿಭಾಷೆ ಕಲಿಸುವ ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ‘ನೀರು ಉಪ್ಪಾಗಿಲ್ಲ’ ಎಂಬುದು ಅವಲೋಕನ. ಜನರ ನಾಲಿಗೆ ಸುಳ್ಳು ಹೇಳಿತೆನ್ನಲು ಕಾರಣವಿಲ್ಲ. ‘ಆದ್ದರಿಂದ ಪವಾಡ’ ಎಂಬುದು ತೀರ್ಮಾನ. ಇವೆರಡರ ನಡುವೆ ಸದ್ದಿಲ್ಲದೆ ನುಸುಳಿದ್ದು ‘ಕಡಲ ನೀರು ಎಲ್ಲೆಡೆ, ಯಾವಾಗಲೂ ಒಂದೇ ಸಮ ಉಪ್ಪು’ ಎಂಬ ಗೃಹೀತ. ಎಡವಿದ್ದು ಅಲ್ಲೇ. ಮಳೆಗಾಲದಲ್ಲಿ ತುಂಬಿ ಹರಿಯುವ ಮೀಠಿ ನದಿ ಕಡಲು ಸೇರುವುದು ಮಾಹಿಮ್‌ನಲ್ಲೇ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಮೇಲೆಯೇ ಹರಡಿಕೊಳ್ಳುತ್ತದೆ. ಇದು ಪರ್ಯಾಯ ವಿವರಣೆ. ಇದನ್ನೂ ಹಾಗೇ ನಂಬಬೇಕಿಲ್ಲ, ಲವಣಾಂಶ ಅಳೆದು ಪರೀಕ್ಷಿಸಬಹುದು. ಪವಾಡಕ್ಕೆ ಅಂಥ ಪರೀಕ್ಷೆಯೇ ಇಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ನೀರು ಮತ್ತೆ ಉಪ್ಪಾಯಿತೆಂದು ಅಲ್ಲಿದ್ದವರೇ ಹೇಳಿದರು. ಇನ್ನು ಮೀಠಿ, ಹೆಸರಿಗಷ್ಟೇ ಸಿಹಿ: ನಗರದ ಚರಂಡಿ, ಕಾರ್ಖಾನೆಗಳ ಕೊಳೆಯನ್ನೆಲ್ಲ ಹೊತ್ತು ತರುವ ಆ ನದಿಯ ನೀರು ಅಂದೂ ಕುಡಿಯಲು ಯೋಗ್ಯವಾಗಿರಲಿಲ್ಲ.