ಆಕಾಶದ ಹರದಾರಿ, ನೆಲದ ಹರದಾರಿ

ಬಾಗಲಕೋಟೆಯಿಂದ ಬೆಂಗಳೂರಿಗೆ ಆಕಾಶಮಾರ್ಗದಿಂದ ಎಷ್ಟು ದೂರವೆಂದು ಕೇಳಿದರೆ ಇಂದಿನ ಯಂತ್ರಗಳು ಕ್ಷಣಮಾತ್ರದಲ್ಲಿ ಸುಮಾರು 400 ಕಿಲೋಮೀಟರೆಂದು ಉತ್ತರವೀಯುತ್ತವೆ. ತಾಸಿಗೆ 800 ಕಿಲೋಮೀಟರು ಹಾರುವ ವಿಮಾನಕ್ಕೆ ಇದು ಅರ್ಧ ತಾಸಿನ ದಾರಿಯೆಂದು ಬಾಲಕನೂ ಲೆಕ್ಕ ಹಾಕಬಲ್ಲನು. ಆದರೆ ಈ ಲೆಕ್ಕವನ್ನು ನಂಬಿ ವಿದ್ಯಾಗಿರಿಯಿಂದ ಪೆಟ್ಟಿಗೆ ಹಿಡಿದು ಹೊರಟವನ ಹಗಲೆಲ್ಲ ಎಲ್ಲಿ ಕಳೆಯುತ್ತದೆಂಬುದನ್ನು ನಮ್ಮ ವಾಚಕ ಮಹಾಶಯರು ತುಸು ವಿಚಾರಿಸಬೇಕು.

ಮೊದಲನೆಯದಾಗಿ, ವಿಮಾನವು ನಮ್ಮೂರಿಂದ ಏಳುವುದಿಲ್ಲ, ಹುಬ್ಬಳ್ಳಿಯಿಂದ ಏಳುತ್ತದೆ. ಅಲ್ಲಿಗೆ ಮೋಟಾರಿನಲ್ಲಿ ಎರಡೂವರೆಯಿಂದ ಮೂರು ತಾಸು. ತಪಾಸಣೆಗಾಗಿ ಒಂದೂವರೆ ತಾಸು ಮುಂಚಿತವಾಗಿ ಹಾಜರಿರತಕ್ಕದ್ದು. ಹುಬ್ಬಳ್ಳಿಯಿಂದ ದೇವನಹಳ್ಳಿಗೆ ನೇರ ಗೆರೆಯಲ್ಲಿ ಸುಮಾರು 370 ಕಿಲೋಮೀಟರಾದರೂ ವೇಳಾಪತ್ರಿಕೆಯಲ್ಲಿ ಒಂದು ತಾಸಿಗೂ ಹೆಚ್ಚು ಹಿಡಿಯುತ್ತದೆ. ಇದರಲ್ಲಿ ಕಂಪನಿಗಳ ಕಪಟವೇನೂ ಇಲ್ಲ. ನೆಲದ ಮೇಲೆ ಉರುಳುವ ಕಾಲ, ಮೇಲಕ್ಕೇರುವ ಕಾಲ, ಇಳಿಯಲು ಸರದಿ ಕಾಯುವ ಕಾಲ ಇವೆಲ್ಲ ಆ ತಾಸಿನಲ್ಲಿ ಸೇರಿರುತ್ತವೆ. ಪೂರ್ಣವೇಗದಲ್ಲಿ ಹಾರುವುದು ಸ್ವಲ್ಪ ಹೊತ್ತು ಮಾತ್ರ. ಇಳಿದ ಮೇಲೆ ಸಾಮಾನು ಪಡೆದು, ಊರೊಳಗಿನ ಮೆಜೆಸ್ಟಿಕ್ಕಿಗೆ ಸುಮಾರು 35 ಕಿಲೋಮೀಟರು ನೂಕುನುಗ್ಗಲಿನಲ್ಲಿ ಸಾಗಬೇಕು. ಎಲ್ಲವನ್ನೂ ಕೂಡಿಸಿದರೆ ಏಳೂವರೆ ತಾಸು! ಮನೆಯಿಂದಲೇ ಮೋಟಾರಿನಲ್ಲಿ ಹೊರಟವನು ಇನ್ನೊಂದೆರಡು ತಾಸಿನ ಅಂತರದಲ್ಲಿ ಬಂದು ಸೇರುತ್ತಾನೆ.

2021ನೆಯ ಜನವರಿಯಲ್ಲಿ ಸ್ತ್ರೀಯರೇ ನಡೆಯಿಸಿದ ಏರ್ ಇಂಡಿಯಾ ವಿಮಾನವೊಂದು ಸ್ಯಾನ್‌ಫ್ರಾನ್ಸಿಸ್ಕೊ ನಗರದಿಂದ ಉತ್ತರಧ್ರುವದ ಮೇಲಿನ ಮಾರ್ಗವಾಗಿ ಬೆಂಗಳೂರಿಗೆ ಬಂದಿತು. ನಕ್ಷೆಯ ಹಾಳೆಯ ಮೇಲೆ ವಿಚಿತ್ರವಾಗಿ ತೋರುವ ಆ ದಾರಿಯೇ ಭೂಗೋಲದ ಮೇಲೆ ಹತ್ತಿರದ ದಾರಿ. ಸುಮಾರು 14,000 ಕಿಲೋಮೀಟರು, ಸುಮಾರು 17 ತಾಸು. ವಿದ್ಯಾಗಿರಿಯಲ್ಲಿ 1963ರಲ್ಲಿ ಸ್ಥಾಪಿತವಾದ ಬಸವೇಶ್ವರ ಇಂಜನಿಯರಿಂಗ್ ಕಾಲೇಜಿನಲ್ಲಿ ಕಲಿತು ಪರದೇಶ ಸೇರಿದ ಮಗನು ಸಮುದ್ರ ದಾಟಿ ಬಂದ ಮೇಲೆ, ಕೊನೆಯ 400 ಕಿಲೋಮೀಟರಿಗೆ ಆ ಹದಿನೇಳರ ಅರ್ಧದಷ್ಟು ತಾಸುಗಳನ್ನು ತೆರಬೇಕಾಗುವುದು ನಗೆಗೀಡೋ ಶೋಕಕ್ಕೀಡೋ ನಾವರಿಯೆವು.

ವಿಮಾನವು ಈ ಸೀಮೆಗೆ ಅಪರಿಚಿತವಾದುದಲ್ಲ. 1932ನೆಯ ಅಕ್ಟೋಬರಿನಲ್ಲಿ ಟಾಟಾ ಅವರ ಟಪಾಲು ವಿಮಾನವು ಕರಾಚಿಯಿಂದ ಮುಂಬಯಿಗೂ, ಅಲ್ಲಿಂದ ಬಳ್ಳಾರಿಯ ಮೇಲೆ ಮದರಾಸಿಗೂ ಹೋಯಿತು. ಮುಂಬಯಿಯಿಂದ ಬಳ್ಳಾರಿಗೆ ನೇರ ಗೆರೆ ಎಳೆದು ನೋಡಿರಿ. ಅದು ಬಾಗಲಕೋಟೆಯ ಮಗ್ಗುಲಲ್ಲೇ ಹಾಯುತ್ತದೆ. ಗೆರೆ ಹಾಯ್ದರೇನು, ಇಳಿಯುವ ಹೊಲ ಬೇಕಲ್ಲವೇ!

ಹಾಗೆಂದು ಜಿಲ್ಲೆಗೊಂದು ನಿಲ್ದಾಣ ಬೇಕೆಂದು ಕೂಗುವವರೊಡನೆ ನಾವು ದನಿಗೂಡಿಸಲಾರೆವು. ಆಲಮಟ್ಟಿಯ ಹಿನ್ನೀರಿಗೆ ಊರನ್ನೂ ಹೊಲವನ್ನೂ ಕೊಟ್ಟ ಜನರಿಂದ ಮತ್ತೆ ನೂರಾರು ಎಕರೆ ಬೇಡುವ ಮುನ್ನ, ಇರುವ ನಿಲ್ದಾಣದ ಉಪಯೋಗವು ಅವರಿಗೆ ದೊರೆಯುವಂತೆ ಮಾಡುವುದು ಸರಕಾರದ ಕರ್ತವ್ಯವು. ಹುಬ್ಬಳ್ಳಿಯ ವಿಮಾನಗಳ ವೇಳೆಗೆ ಹೊಂದಿ ಹೊರಡುವ ಬಸ್ಸು ನವನಗರ, ವಿದ್ಯಾಗಿರಿಗಳಿಂದ ನೇರವಾಗಿ ನಿಲ್ದಾಣದ ಬಾಗಿಲಿಗೆ ಹೋಗತಕ್ಕದ್ದು. ವಿಮಾನ ತಡವಾದರೆ ಮರಳುವ ಬಸ್ಸೂ ಕಾಯತಕ್ಕದ್ದು. ಬದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ನೋಡಬರುವ ಪರಸ್ಥಳದವರಿಗೂ, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗುವ ಹುನಗುಂದ, ಇಳಕಲ್ಲಿನ ರೋಗಿಗಳಿಗೂ ಇದರಿಂದ ಅನುಕೂಲವಾಗುವುದು. ರೋಗಿಯು ಕಳೆಯುವ ತಾಸುಗಳನ್ನು ಮನೆಯ ಹೊಸ್ತಿಲಿನಿಂದ ಎಣಿಸಬೇಕು. ಸಾರಿಗೆಯ ಅಧಿಕಾರಿಗಳು ಹೊಸ ವೇಳಾಪತ್ರಿಕೆಯನ್ನು ಸಿದ್ಧಪಡಿಸುವಾಗ ವಿಮಾನದ ಪತ್ರಿಕೆಯನ್ನೂ ಮುಂದಿಟ್ಟುಕೊಳ್ಳಲಿ.