ಏನೂ ಆಗಲಿಲ್ಲವಲ್ಲ!

ನಮ್ಮ ಜನರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು ‘ಏನೂ ಆಗಲಿಲ್ಲವಲ್ಲ’ ಎಂಬುದು. ಕೇಳುವುದಕ್ಕೆ ಇದು ಸಮಾಧಾನದ ಮಾತು. ಆದರೆ ಅದರೊಳಗೆ ದೊಡ್ಡ ಅಪಾಯವೊಂದು ಅಡಗಿದೆಯೆಂಬುದನ್ನು ಕಳೆದ ವರ್ಷ ಹುಬ್ಬಳ್ಳಿಯಲ್ಲಿ ಕಂಡ ಒಂದು ಘಟನೆ ನನಗೆ ತಿಳಿಸಿಕೊಟ್ಟಿತು. ಅದನ್ನು ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ.

ನನ್ನ ಊರು ಮಾಗೋಡು. ನನ್ನ ತಂದೆ ಕೊನೆಗೌಡರು. ಅಡಿಕೆ ಮರ ಹತ್ತಿ ಕೊನೆ ಇಳಿಸುವುದು ಅವರ ಕಸುಬು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಪ್ಪನ ಮೊಣಕಾಲು ನೋವಿಗೆ ವೈದ್ಯರನ್ನು ಕಾಣಲೆಂದು ನಾವಿಬ್ಬರೂ ಹುಬ್ಬಳ್ಳಿಗೆ ಹೋಗಿದ್ದೆವು. ವಿದ್ಯಾನಗರದ ಕಡೆ ದೊಡ್ಡ ರಸ್ತೆಯನ್ನು ದಾಟಲು ನಿಂತಿದ್ದಾಗ ವಾಹನಗಳಿಗೆ ಕೆಂಪು ದೀಪ ಬಿತ್ತು. ತಲೆಯ ಮೇಲೆ ಬುಟ್ಟಿ ಹೊತ್ತ ಮುದುಕಿಯೊಬ್ಬಳು ನಮ್ಮ ಮುಂದೆಯೇ ಬಿಳಿ ಪಟ್ಟೆಯ ಮೇಲೆ ಕಾಲಿಟ್ಟಳು. ಅಷ್ಟರಲ್ಲಿ ಒಂದು ಕಾರು, ದೀಪವನ್ನು ಲೆಕ್ಕಿಸದೆ, ಬಾಣದಂತೆ ನುಗ್ಗಿ ಬಂತು. ಚಾಲಕನ ಒಂದು ಕೈಯಲ್ಲಿ ಮೊಬೈಲು ಇತ್ತು. ಅಪ್ಪ ಮುದುಕಿಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಬುಟ್ಟಿ ಉರುಳಿತು, ಕೊತ್ತಂಬರಿ ಸಿವುಡುಗಳ ಮೇಲೆ ಗಾಲಿ ಹರಿದುಹೋಯಿತು.

ಆ ಮಹಾಶಯನು ತುಸು ಮುಂದೆ ನಿಲ್ಲಿಸಿ, ತಲೆ ಹೊರಹಾಕಿ, “ಕಣ್ಣ ಕಾಣೂದಿಲ್ಲೇನ ಮುದುಕಿ?” ಎಂದು ಗದರಿ ಹೊರಟೇಹೋದ! ಕೂಡಿದ ಜನ ಸೊಪ್ಪನ್ನು ಆರಿಸಿಕೊಟ್ಟರು. “ಏನೂ ಆಗ್ಲಿಲ್ಲಲ್ಲ, ಬಿಡ್ರಿ. ಅಜ್ಜಿ ಪುಣ್ಯಾ ಗಟ್ಟಿ ಐತಿ” ಎಂದರು. ನಾನೂ ಹಾಗೆಯೇ ಅಂದುಕೊಂಡೆ. ಹಿಂತಿರುಗುವಾಗ ಬಸ್ಸಿನಲ್ಲಿ ಅಪ್ಪ ಮೆಲ್ಲನೆ ಕೇಳಿದರು: “ತಮ್ಮಾ, ಆ ಗಾಡಿ ನಂಬರ್ ಬರ್ಕೊಂಡ್ಯಾ? ನಂಗೆ ಓದೂಕೆ ಬರೂದಿಲ್ಲ, ನೀನು ಓದಿದವ.” ನನ್ನಲ್ಲಿ ಉತ್ತರವಿರಲಿಲ್ಲ. ಕಣ್ಣು ಇತ್ತು, ಅಕ್ಷರ ಇತ್ತು, ಕೈಯಲ್ಲಿ ಮೊಬೈಲೂ ಇತ್ತು. ಬರೆದುಕೊಳ್ಳಬೇಕೆಂಬ ಬುದ್ಧಿ ಮಾತ್ರ ಇರಲಿಲ್ಲ.

ಏನೂ ಆಗಲಿಲ್ಲವೆಂಬುದು ನಿಜವೇ? ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ದೂರ ಹೋಗುತ್ತದೆ. ಎರಡು ಸೆಕೆಂಡು ಮೊಬೈಲು ನೋಡಿದವನು 33 ಮೀಟರ್ ರಸ್ತೆಯನ್ನು ಕುರುಡನಾಗಿ ಕ್ರಮಿಸಿರುತ್ತಾನೆ. ಮುದುಕಿ ಉಳಿದದ್ದು ಅಪ್ಪನ ಕೈಯಿಂದ, ಚಾಲಕನ ವಿವೇಕದಿಂದಲ್ಲ. ಅಂದ ಮೇಲೆ ಅವನ ತಪ್ಪು ಕಿಂಚಿತ್ತಾದರೂ ಕಡಿಮೆಯಾದದ್ದು ಹೇಗೆ?

ನಮ್ಮ ಕಾನೂನು ಈ ವಿಷಯದಲ್ಲಿ ನಮಗಿಂತ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 184ನೆಯ ಕಲಮಿನಂತೆ ಅಪಾಯಕರವಾಗಿ ವಾಹನ ನಡೆಸುವುದೇ ಅಪರಾಧ, ಯಾರಿಗಾದರೂ ಪೆಟ್ಟಾಗಲೇಬೇಕೆಂದಿಲ್ಲ. ಕೆಂಪು ದೀಪವನ್ನು ಮೀರುವುದನ್ನೂ, ಮೊಬೈಲು ಕೈಯಲ್ಲಿ ಹಿಡಿದು ಓಡಿಸುವುದನ್ನೂ 2019ರ ತಿದ್ದುಪಡಿ ಹೆಸರಿಸಿಯೇ ಸೇರಿಸಿದೆ. ಮೊದಲ ಸಲದ ತಪ್ಪಿಗೇ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ, ಇಲ್ಲವೆ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು. ಆದರೆ ನೋಡಿದವರು ಬಾಯಿ ಬಿಡದಿದ್ದರೆ ಕಲಮು ಪುಸ್ತಕದಲ್ಲಿಯೇ ಮಲಗಿರುತ್ತದೆ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಮಡಿದರು; ಎಂದರೆ ದಿನಕ್ಕೆ ಸುಮಾರು 460 ಮಂದಿ. ಸತ್ತವರ ಲೆಕ್ಕವನ್ನು ಸರಕಾರ ಇಡುತ್ತದೆ. ಕೂದಲೆಳೆಯಷ್ಟರಲ್ಲಿ ಉಳಿದವರ ಲೆಕ್ಕ ಯಾರ ಬಳಿಯೂ ಇಲ್ಲ. ನಾಳೆಯ ಸಾವು ಇಂದಿನ ಈ ಲೆಕ್ಕವಿಲ್ಲದ ಪಾರಾಗುವಿಕೆಗಳಲ್ಲಿಯೇ ಬೆಳೆಯುತ್ತಿದೆಯೆಂದು ನನಗೆ ತೋರುತ್ತದೆ.

ನಮ್ಮ ತಾಲೂಕಿನ ನೋವನ್ನೇ ನೆನೆಯೋಣ. 2025ರ ಜನವರಿ 22ರ ನಸುಕಿನಲ್ಲಿ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು ತರಕಾರಿಯ ಲಾರಿ ಯಲ್ಲಾಪುರದ ಅರಬೈಲು ಘಟ್ಟದಲ್ಲಿ ಕಂದಕಕ್ಕೆ ಉರುಳಿತು. ಸರಕಿನ ಜೊತೆ ಪಯಣಿಸುತ್ತಿದ್ದ ಬಡ ವ್ಯಾಪಾರಿಗಳಲ್ಲಿ 10 ಮಂದಿ ಅಂದೇ ಪ್ರಾಣ ಬಿಟ್ಟರು. ಸರಕಿನ ಲಾರಿಯಲ್ಲಿ ಜನರು ಕೂತು ಹೋಗುವುದನ್ನು ನಾವೆಲ್ಲರೂ ಎಷ್ಟೋ ಸಲ ಕಂಡಿದ್ದೇವೆ. ಸುಖವಾಗಿ ಊರು ಸೇರಿದ ಒಂದೊಂದು ಪಯಣವೂ ‘ಏನೂ ಆಗುವುದಿಲ್ಲ’ ಎಂಬ ಸುಳ್ಳು ಪಾಠವನ್ನೇ ಕಲಿಸುತ್ತದೆ.

‘ಪಾಪ, ಅವನಿಗೇನು ಅವಸರವಿತ್ತೋ’ ಎಂದು ಕನಿಕರಪಡುವವರೂ ಉಂಟು. ಅವಸರ ಎಲ್ಲರಿಗೂ ಇದೆ. ಸೊಪ್ಪು ಬಾಡುವ ಮೊದಲು ಮಾರಬೇಕಾದ ಮುದುಕಿಗೂ ಇತ್ತು. ಮಾಗೋಡಿನಲ್ಲಿ ಬೇಡ್ತಿ ಧುಮುಕುವುದನ್ನು ನೋಡುವ ಸ್ಥಳದಲ್ಲಿ ಕಂಬಿಗಳ ಬೇಲಿ ಇದೆ. ಇಂದು ಯಾರೂ ಬೀಳಲಿಲ್ಲವೆಂದು ಸಂಜೆಗೆ ಅದನ್ನು ಕಿತ್ತುಹಾಕುತ್ತೇವೆಯೇ?

ಪರರನ್ನು ಆಡಿಕೊಂಡು ಮುಗಿಸಿದರೆ ಈ ಬರಹ ಅಪ್ರಾಮಾಣಿಕವಾದೀತು. ಕಾಲೇಜು ಬಿಟ್ಟೊಡನೆ ಒಂದು ಬೈಕಿಗೆ ಮೂವರು ಏರಿ, ತಲೆಗೆ ಹೆಲ್ಮೆಟ್ಟಿಲ್ಲದೆ, ತಿರುವಿನಲ್ಲಿ ಬಸ್ಸನ್ನು ಹಿಂದಿಕ್ಕಿ ಕೇಕೆ ಹಾಕಿದವರು ನಾವೇ. ಆ ಮೂವರಲ್ಲಿ ಹಿಂದೆ ಕೂತವನು ಎಷ್ಟೋ ದಿನ ನಾನೇ ಆಗಿದ್ದೆ. ಅದೇ ರಸ್ತೆಯ ಅಂಚಿನಲ್ಲಿ ನನ್ನ ತಂಗಿ ಶಾಲೆಗೆ ನಡೆದು ಹೋಗುತ್ತಾಳೆ. ಹುಬ್ಬಳ್ಳಿಯ ಆ ಕಾರಿನವನಿಗೂ ನಮಗೂ ಅಂತರವೆಷ್ಟು? ಹೆಚ್ಚೆಂದರೆ ಎರಡು ಗಾಲಿಗಳದು.

ಅಪ್ಪ ಪ್ರತಿಸಲ ಮರ ಹತ್ತುವ ಮುನ್ನ ಹಗ್ಗವನ್ನು ಜಗ್ಗಿ ನೋಡುತ್ತಾರೆ. ಚಿಕ್ಕವನಿದ್ದಾಗ ನಾನು ನಕ್ಕಿದ್ದೆ. ಆಗ ಅವರು ಹೇಳಿದ್ದು: “ನಿನ್ನೆ ಬೀಳಲಿಲ್ಲ ಅಂತ ಇವತ್ತು ಹಗ್ಗ ನೋಡದೆ ಹತ್ತೂಕೆ ಆಗ್ತದಾ?” ಮೂರು ವರ್ಷ ಬಿ.ಎ. ಓದಿಯೂ ಇದಕ್ಕಿಂತ ದೊಡ್ಡ ತರ್ಕವನ್ನು ನಾನು ಕಲಿತಿಲ್ಲ.

ವಿದ್ಯಾರ್ಥಿ ಮಿತ್ರರೇ, ಇನ್ನು ಮುಂದೆ ಇಂಥದನ್ನು ಕಂಡರೆ ಮೊದಲು ಬಿದ್ದವರನ್ನು ಎತ್ತೋಣ. ಒಡನೆಯೇ ಗಾಡಿಯ ಸಂಖ್ಯೆಯನ್ನು ಬರೆದುಕೊಂಡು 112ಕ್ಕೆ ತಿಳಿಸೋಣ. ಬೈಕಿನ ಹಿಂದೆ ಕೂತಾಗ ಕೇಕೆ ಹಾಕುವ ಬದಲು ‘ನಿಧಾನ’ ಎನ್ನೋಣ. ಅಕ್ಷರ ಕಲಿತವರು ಅಷ್ಟನ್ನೂ ಮಾಡದಿದ್ದರೆ, ಓದು ಬಾರದ ನನ್ನ ತಂದೆಯಂಥವರು ನಮ್ಮ ಮೇಲಿಟ್ಟ ನಂಬಿಕೆಗೆ ಏನು ಬೆಲೆ?